ಒಂದು ಕಣ್ಣು ಕಳೆದುಕೊಂಡ ಹೆಣ್ಣು ಸಿಗಡಿ: ಹ್ಯಾಚರಿಯ ಒಂದು ಪ್ರಕರಣ

ಸಿಗಡಿ ಮರಿಗಳನ್ನು ಹುಟ್ಟಿಸಿ ಹೊಂಡಗಳಿಗೆ ಕೊಡುವ ಹ್ಯಾಚರಿಯಲ್ಲಿ, ಸುಮಾರು 40 ಗ್ರಾಂ ತೂಗುವ, ವನಾಮಿ ಎಂಬ ಸಾಕುವ ಜಾತಿಯ ಹೆಣ್ಣು ಸಿಗಡಿಯೊಂದನ್ನು ತೊಟ್ಟಿಯಿಂದ ಕೈಬಲೆಯಲ್ಲಿ ಎತ್ತುತ್ತಾರೆ. ಚಿಪ್ಪು ಗಟ್ಟಿಯಾಗಿದೆಯೇ ಎಂದು ಬೆರಳಿನಿಂದ ಒತ್ತಿ ನೋಡುತ್ತಾರೆ. ಗಟ್ಟಿಯಾಗಿದ್ದರೆ ಒಬ್ಬರು ಅದನ್ನು ಒದ್ದೆ ಕೈಯಲ್ಲಿ ಅಲುಗದಂತೆ ಹಿಡಿಯುತ್ತಾರೆ, ಇನ್ನೊಬ್ಬರು ಚೆನ್ನಾಗಿ ಕಾಯಿಸಿದ ಇಕ್ಕಳದಿಂದ ಒಂದು ಕಣ್ಣಿನ ದಂಟನ್ನು ಬುಡದಲ್ಲಿ ಅದುಮುತ್ತಾರೆ. ಕೆಲವು ಕಡೆ ಇಕ್ಕಳದ ಬದಲು ದಾರದ ಬಿಗಿ ಗಂಟು ಹಾಕುವುದುಂಟು. ಇನ್ನು ಕೆಲವರು ಕಣ್ಣನ್ನು ಬ್ಲೇಡಿನಿಂದ ಸೀಳಿ ಒಳಗಿನದನ್ನು ಹಿಂಡಿ ತೆಗೆಯುತ್ತಾರೆ. ಯಾವ ವಿಧಾನವಾದರೂ ಕ್ಷಣಗಳ ಕೆಲಸ. ಸಿಗಡಿ ಬಾಲವನ್ನು ಒಮ್ಮೆ ಜೋರಾಗಿ ಒದರಿ ನೀರಿಗೆ ಮರಳುತ್ತದೆ. ಅದಕ್ಕೆ ಚುಚ್ಚುಮದ್ದು ಕೊಟ್ಟಿಲ್ಲ, ಔಷಧ ತಿನ್ನಿಸಿಲ್ಲ, ದೇಹಕ್ಕೆ ಹೊಸದಾಗಿ ಏನನ್ನೂ ಸೇರಿಸಿಲ್ಲ. ಆದರೂ ದಿನಗಳೊಳಗೆ ಅದರ ಬೆನ್ನಿನ ಚಿಪ್ಪಿನಡಿ ಅಂಡಾಶಯ ದಪ್ಪಗಾಗುತ್ತಾ ಬಂದು, ಬಿಳಿಚು ಬಣ್ಣದಿಂದ ಹೊಂಗಂದಿಗೋ ಹಸಿರುಗಂದಿಗೋ ತಿರುಗುತ್ತದೆ. ಅಂದು ಸಂಜೆ ಗಂಡು ಸಿಗಡಿಗಳು ಅದರ ಬೆನ್ನು ಹತ್ತುತ್ತವೆ. ರಾತ್ರಿ ಅದು 1 ಲಕ್ಷದಿಂದ 2.5 ಲಕ್ಷದವರೆಗೆ ಮೊಟ್ಟೆಗಳನ್ನು ನೀರಿನಲ್ಲಿ ಚೆಲ್ಲುತ್ತದೆ. ಒಂದೊಂದರ ಅಡ್ಡಳತೆ ಸುಮಾರು 0.22 ಮಿಲಿಮೀಟರ್. ಹದಿನಾರು ಗಂಟೆ ಕಳೆಯುವಷ್ಟರಲ್ಲಿ ಮರಿಗಳು ಹೊರಬರುತ್ತವೆ.

ಈ ಹೆಣ್ಣನ್ನು ಯಾವುದೋ ಒಂದು ಹ್ಯಾಚರಿಯ ದಾಖಲೆಯಿಂದ ಎತ್ತಿಕೊಂಡದ್ದಲ್ಲ. ಆಂಧ್ರ ಮತ್ತು ತಮಿಳುನಾಡಿನ ಕರಾವಳಿಯ ಹ್ಯಾಚರಿಗಳಲ್ಲಿ ನಡೆದುಕೊಂಡು ಬಂದಿರುವ ಕೆಲಸದ ಮಾದರಿ ಇದು. ಕುಮಟಾ, ಅಂಕೋಲಾ, ಕುಂದಾಪುರದ ಕಡೆಯ ಸಿಗಡಿ ಹೊಂಡಗಳಿಗೆ ಬರುವ ಮರಿಗಳಲ್ಲಿ ಬಹುಪಾಲು ಇಂಥ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವೇ. ಅಘನಾಶಿನಿಯ ಗಜನಿ ಗದ್ದೆಗಳಿಗೆ ಉಬ್ಬರದ ನೀರಿನ ಜೊತೆ ತಾವಾಗಿಯೇ ಬರುವ ಸಿಗಡಿಗಳ ಮಾತು ಬೇರೆ. ಅವುಗಳ ತಾಯಂದಿರಿಗೆ ಎರಡೂ ಕಣ್ಣುಗಳಿರುತ್ತವೆ. ಹೊಂಡದ ಸಾಕಣೆಗೆ ಮಾತ್ರ ಲೆಕ್ಕಕ್ಕೆ ಸಿಗುವ, ಹೇಳಿದ ದಿನಕ್ಕೆ ಸಿಗುವ ಮರಿ ಬೇಕು. 2009ರಲ್ಲಿ ಭಾರತ ವನಾಮಿಗೆ ಅನುಮತಿ ಕೊಟ್ಟ ಮೇಲೆ ಈ ಬೇಡಿಕೆ ಏರುತ್ತಲೇ ಹೋಯಿತು. ಹೊರದೇಶದಿಂದ ತರಿಸುವ ರೋಗಮುಕ್ತ ತಾಯಿಸಿಗಡಿಗಳು ಮೊದಲು ಚೆನ್ನೈನ ನೀಲಾಂಗರೈಯ ದಿಗ್ಬಂಧನ (ಕ್ವಾರಂಟೈನ್) ಕೇಂದ್ರದಲ್ಲಿ ತಪಾಸಣೆಗೆ ಒಳಗಾಗಬೇಕು, ಆಮೇಲೆ ಹ್ಯಾಚರಿಗೆ ಹೋಗಬೇಕು. ಅಷ್ಟು ಖರ್ಚು ಮಾಡಿ ತಂದ ಹೆಣ್ಣು ಮೊಟ್ಟೆಯಿಡದೆ ಕುಳಿತರೆ ಮಾಲೀಕರ ಹೊಟ್ಟೆ ಉರಿಯದೆ ಇರುತ್ತದೆಯೇ? ಕಾಯಿಸಿದ ಇಕ್ಕಳದ ಅರ್ಥಶಾಸ್ತ್ರ ಇಷ್ಟೇ.

ಕಣ್ಣು ಹೋದರೆ ಮೊಟ್ಟೆ ಹೇಗೆ ಬಲಿಯುತ್ತದೆ? ಹ್ಯಾಚರಿಯಲ್ಲಿ ಕೇಳಿದರೆ ಸಿಗುವ ಉತ್ತರ ಚುಟುಕಾಗಿರುತ್ತದೆ: ಕಣ್ಣಿನಲ್ಲಿ ಮೊಟ್ಟೆಯನ್ನು ತಡೆಯುವ ಹಾರ್ಮೋನು ಇದೆ, ಕಣ್ಣು ತೆಗೆದರೆ ತಡೆ ಹೋಯಿತು. ಇದು ಸುಳ್ಳಲ್ಲ. ಆದರೆ ಇಷ್ಟಕ್ಕೇ ನಿಂತರೆ ಈ ಹೆಣ್ಣಿಗೆ ಮುಂದೆ ಆಗುವ ತೊಂದರೆಗಳಲ್ಲಿ ಒಂದೂ ಅರ್ಥವಾಗುವುದಿಲ್ಲ. ತಡೆ ಹೋದದ್ದು ಒಂದು ಕಡೆ ಮಾತ್ರವಲ್ಲ.

ಕಣ್ಣಿನ ದಂಟಿನೊಳಗೆ

ಸಿಗಡಿ, ಏಡಿ, ಲಾಬ್‌ಸ್ಟರ್‌ಗಳ ಕಣ್ಣು ದಂಟಿನ ತುದಿಯಲ್ಲಿ ಕುಳಿತಿರುತ್ತದೆ. ದಂಟಿನೊಳಗೆ ನೋಟಕ್ಕೆ ಬೇಕಾದ ನರಗಳ ಜೊತೆಯಲ್ಲೇ ಹಾರ್ಮೋನು ಸ್ರವಿಸುವ ನರಕೋಶಗಳ ಒಂದು ಗುಂಪು ಇದೆ. ಅದನ್ನು ಎಕ್ಸ್-ಅಂಗ ಎನ್ನುತ್ತಾರೆ. ಆ ಕೋಶಗಳ ಉದ್ದನೆಯ ಎಳೆಗಳೆಲ್ಲ ಒಂದೆಡೆ ಸೇರಿ ಸೈನಸ್ ಗ್ರಂಥಿಯಾಗುತ್ತವೆ. ಎಕ್ಸ್-ಅಂಗದಲ್ಲಿ ತಯಾರಾದದ್ದು ಸೈನಸ್ ಗ್ರಂಥಿಯಲ್ಲಿ ದಾಸ್ತಾನಾಗಿ, ಬೇಕಾದಾಗ ರಕ್ತಕ್ಕೆ ಸೇರುತ್ತದೆ. ಹಾಗಾಗಿ ದಂಟನ್ನು ಬುಡದಲ್ಲಿ ಅದುಮಿದಾಗ ಕಾರ್ಖಾನೆಯೂ ಹೋಯಿತು, ಗೋದಾಮೂ ಹೋಯಿತು.

ಇಲ್ಲಿಂದ ಹೊರಡುವ ಹಾರ್ಮೋನುಗಳಲ್ಲಿ ನಮಗೆ ಬೇಕಾದವು ಒಂದೇ ಮನೆತನದವು. ಎಲ್ಲವೂ ಸಣ್ಣ ಪ್ರೋಟೀನುಗಳು, ಎಲ್ಲದರಲ್ಲೂ ಆರು ಸಿಸ್ಟೀನ್‌ಗಳು ಜೋಡಿಜೋಡಿಯಾಗಿ ಬೆಸೆದ ಮೂರು ಗಂಧಕದ ಕೊಂಡಿಗಳಿವೆ. ಒಂದು ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಇನ್ನೊಂದು ಪೊರೆ ಬಿಡುವುದನ್ನು, ಎಂದರೆ ಹಳೆಯ ಚಿಪ್ಪು ಕಳಚುವುದನ್ನು, ತಡೆಯುತ್ತದೆ. ಮತ್ತೊಂದು ಅಂಡಾಶಯ ಬೆಳೆಯುವುದನ್ನು ತಡೆಯುತ್ತದೆ. ನಾಲ್ಕನೆಯದನ್ನು ಏಡಿಗಳಲ್ಲಿ ಗುರುತಿಸಿದ್ದಾರೆ. ದವಡೆಯ ಬಳಿಯಿರುವ ಮ್ಯಾಂಡಿಬ್ಯುಲರ್ ಅಂಗ ಎಂಬ ಗ್ರಂಥಿಯನ್ನು ಸುಮ್ಮನಿರಿಸುವುದು ಅದರ ಕೆಲಸ. ಸಕ್ಕರೆಯದನ್ನು ಬಿಟ್ಟರೆ ಉಳಿದವೆಲ್ಲ ‘ಬೇಡ’ ಎನ್ನುವ ಹಾರ್ಮೋನುಗಳೇ. ನಮ್ಮ ಪಿಟ್ಯುಟರಿ ಗ್ರಂಥಿ ಬೇರೆ ಗ್ರಂಥಿಗಳನ್ನು ಹೆಚ್ಚಾಗಿ ಎಬ್ಬಿಸುತ್ತದೆ. ಸಿಗಡಿಯ ಕಣ್ಣಿನ ದಂಟು ಹೆಚ್ಚಾಗಿ ಮಲಗಿಸುತ್ತದೆ.

ಇದು ಒಮ್ಮೆಲೇ ತಿಳಿದದ್ದಲ್ಲ. 1905ರಲ್ಲಿ ಚಾರ್ಲ್ಸ್ ಝೆಲೆನಿ ಎಂಬ ಅಮೆರಿಕದ ಪ್ರಾಣಿವಿಜ್ಞಾನಿ ಫಿಡ್ಲರ್ ಏಡಿಗಳ ಕಣ್ಣಿನ ದಂಟು ತೆಗೆದಾಗ ಅವು ಬೇಗ ಬೇಗ ಪೊರೆ ಬಿಡುವುದನ್ನು ಕಂಡರು. 1943ರಲ್ಲಿ ಫ್ರಾನ್ಸಿನ ಪಾನೂಸ್ ಸಿಗಡಿಯ ಕಣ್ಣಿನ ದಂಟು ಕತ್ತರಿಸಿ ಅಂಡಾಶಯ ಬೆಳೆಯುವುದನ್ನು ತೋರಿಸಿದರು. ಅಲ್ಲಿಂದ ಮೂರು ದಶಕ ಇದು ಪ್ರಯೋಗಾಲಯದ ಸಂಗತಿಯಾಗಿಯೇ ಉಳಿಯಿತು. 1970ರ ದಶಕದಲ್ಲಿ ಸಿಗಡಿ ಸಾಕಣೆ ದುಡ್ಡಿನ ಕಸುಬಾಗುತ್ತಲೇ ಪಾನೂಸರ ಕತ್ತರಿ ಹ್ಯಾಚರಿಗೆ ಬಂತು. ಇಂಡೊನೇಷ್ಯಾದ ಜೆಪಾರಾದಲ್ಲಿ ಅಲಿಕುಞ್ಞಿ ಮತ್ತು ಸಂಗಡಿಗರು 1975ರಲ್ಲಿ ಹುಲಿ ಸಿಗಡಿಯ ಮೇಲೆ ಇದನ್ನು ಪ್ರಯೋಗಿಸಿ ವರದಿ ಮಾಡಿದರು. ನಮ್ಮಲ್ಲಿ ಕೊಚ್ಚಿಯ ಬಳಿಯ ನಾರಕ್ಕಲ್‌ನಲ್ಲಿ ಮುತ್ತು ಮತ್ತು ಲಕ್ಷ್ಮೀನಾರಾಯಣ ಅವರು ಅದೇ ದಶಕದಲ್ಲಿ ಭಾರತದ ಸಿಗಡಿಗಳನ್ನು ಇದೇ ವಿಧಾನದಿಂದ ಪಕ್ವಗೊಳಿಸಿದರು. ಕತ್ತರಿ ಕೆಲಸ ಮಾಡುತ್ತದೆ ಎಂಬುದು ಆಗಲೇ ಖಚಿತವಾಗಿತ್ತು. ಏಕೆ ಕೆಲಸ ಮಾಡುತ್ತದೆ ಎಂಬುದನ್ನು ಬಿಡಿಸಲು, ತಡೆಯ ಹಿಂದೆ ಕಾದು ನಿಂತಿರುವ ಕಿಣ್ವಗಳ, ಎಂದರೆ ದೇಹದ ರಸಾಯನಿಕ ಕ್ರಿಯೆಗಳನ್ನು ನಡೆಸುವ ಪ್ರೋಟೀನುಗಳ, ಕಡೆಗೆ ತಿರುಗಬೇಕಾಯಿತು.

ಮೊದಲು ಎಚ್ಚರಗೊಳ್ಳುವ ಗ್ರಂಥಿ

ನಮ್ಮ ಹೆಣ್ಣಿನ ಎದೆಭಾಗದ ಮುಂಬದಿಯಲ್ಲಿ ವೈ-ಅಂಗ ಎಂಬ ಜೋಡಿ ಗ್ರಂಥಿಗಳಿವೆ. ಪೊರೆ ಬಿಡಿಸುವ ಎಕ್ಡೈಸ್ಟೀರಾಯ್ಡ್ ಹಾರ್ಮೋನು ತಯಾರಾಗುವುದು ಇಲ್ಲಿ. ಕಚ್ಚಾವಸ್ತು ಕೊಲೆಸ್ಟರಾಲ್. ಅದನ್ನು ಸ್ವಂತವಾಗಿ ತಯಾರಿಸಿಕೊಳ್ಳುವ ಶಕ್ತಿ ಸಿಗಡಿಗೆ ಇಲ್ಲ, ತಿಂದೇ ಪಡೆಯಬೇಕು. ಸಿಗಡಿ ಮೇವಿಗೆ ಕೊಲೆಸ್ಟರಾಲ್ ಬೆರೆಸುವುದು ಇದೇ ಕಾರಣಕ್ಕೆ. ವೈದ್ಯರು ನಮಗೆ ಬಿಡು ಎಂದದ್ದನ್ನು ಸಿಗಡಿಗೆ ದುಡ್ಡು ಕೊಟ್ಟು ತಿನ್ನಿಸಬೇಕು.

ಕೊಲೆಸ್ಟರಾಲ್ ಹಾರ್ಮೋನಾಗುವುದು ಒಂದೇ ಹೆಜ್ಜೆಯಲ್ಲಿ ಅಲ್ಲ. ಮೊದಲು ನೆವರ್‌ಲ್ಯಾಂಡ್ ಎಂಬ ಕಿಣ್ವ ಅದರಿಂದ ಎರಡು ಹೈಡ್ರೋಜನ್ ಪರಮಾಣುಗಳನ್ನು ಕಿತ್ತು 7-ಡಿಹೈಡ್ರೋಕೊಲೆಸ್ಟರಾಲ್ ಮಾಡುತ್ತದೆ. ಅದರ ನಂತರದ ಕೆಲವು ಹೆಜ್ಜೆಗಳನ್ನು ವಿಜ್ಞಾನಿಗಳು ಇಂದಿಗೂ ‘ಕಪ್ಪು ಪೆಟ್ಟಿಗೆ’ ಎನ್ನುತ್ತಾರೆ. ಅಲ್ಲಿ ಸ್ಪೂಕ್ ಎಂಬ ಕಿಣ್ವಕ್ಕೆ ಪಾತ್ರವಿದೆ. ಪೆಟ್ಟಿಗೆಯಿಂದ ಹೊರಬಂದ ಅಣುವಿಗೆ ಮೂರು ಕಿಣ್ವಗಳು ಸರದಿಯಲ್ಲಿ ಆಮ್ಲಜನಕ ಸೇರಿಸುತ್ತವೆ: ಫ್ಯಾಂಟಮ್ 25ನೆಯ ಇಂಗಾಲಕ್ಕೆ, ಡಿಸೆಂಬಾಡಿಡ್ 22ನೆಯದಕ್ಕೆ, ಶ್ಯಾಡೋ 2ನೆಯದಕ್ಕೆ. ಅಲ್ಲಿಗೆ ಎಕ್ಡೈಸೋನ್ ಸಿದ್ಧ. ವೈ-ಅಂಗದಿಂದ ಹೊರಬಿದ್ದ ಮೇಲೆ ಬೇರೆ ಅಂಗಾಂಶಗಳಲ್ಲಿ ಶೇಡ್ ಎಂಬ ಕಿಣ್ವ 20ನೆಯ ಇಂಗಾಲಕ್ಕೂ ಆಮ್ಲಜನಕ ಕೊಟ್ಟು ಅದನ್ನು ನಿಜವಾಗಿ ಚುರುಕುಗೊಳಿಸುತ್ತದೆ. ಭೂತಪ್ರೇತಗಳ ಈ ಹೆಸರುಗಳು ಹಣ್ಣುನೊಣದ ಸಂಶೋಧಕರ ಚೇಷ್ಟೆ. ಈ ಜೀನುಗಳು ಕೆಟ್ಟ ನೊಣದ ಭ್ರೂಣಗಳಿಗೆ ಸರಿಯಾದ ಹೊರಕವಚ ಮೂಡದೆ ಅವು ಪ್ರೇತಕಳೆಯಲ್ಲಿ ಕಂಡವಂತೆ. ಸ್ಪೂಕ್‌ನಿಂದ ಶೇಡ್‌ವರೆಗಿನ ಕಿಣ್ವಗಳು ಸೈಟೋಕ್ರೋಮ್ ಪಿ450 ಬಳಗದವು. ಹೀಮ್‌ನ ನಡುವಿನ ಕಬ್ಬಿಣದ ಪರಮಾಣುವಿನಲ್ಲಿ ಆಮ್ಲಜನಕವನ್ನು ಹಿಡಿದು, ಗುರಿಯಿಟ್ಟ ಇಂಗಾಲಕ್ಕೇ ತಗುಲಿಸುವುದು ಇವುಗಳ ಕಸುಬು. ನಾವು ನುಂಗಿದ ಮಾತ್ರೆಗಳನ್ನು ನಮ್ಮ ಯಕೃತ್ತಿನಲ್ಲಿ ಕರಗಿಸುವುದೂ ಇದೇ ಬಳಗ.

ಕಣ್ಣಿನಿಂದ ಬಂದ ‘ಬೇಡ’ ಎಂಬ ಸಂದೇಶ ಈ ಸಾಲನ್ನು ಹೇಗೆ ನಿಲ್ಲಿಸುತ್ತದೆ? ಪೊರೆ ತಡೆಯುವ ಹಾರ್ಮೋನು ವೈ-ಅಂಗದ ಕೋಶದೊಳಗೆ ಕಾಲಿಡುವುದಿಲ್ಲ. ಹೊರಗೋಡೆಯ ಗ್ರಾಹಿಗೆ ಅಂಟಿಕೊಂಡು ಒಳಗೆ ಸುದ್ದಿ ಕಳಿಸುತ್ತದೆ. ಅಮೆರಿಕದ ಡೊನಾಲ್ಡ್ ಮೈಕಲ್ಸ್ ಮತ್ತು ಸಂಗಡಿಗರು ನೆಲ ಏಡಿಗಳಲ್ಲಿ ಈ ಸುದ್ದಿಯ ದಾರಿಯನ್ನು ವರ್ಷಗಟ್ಟಲೆ ಜಾಡು ಹಿಡಿದು ನೋಡಿದ್ದಾರೆ. ಮೊದಲು ಕೋಶದೊಳಗೆ ಸುದ್ದಿ ಒಯ್ಯುವ ಸೈಕ್ಲಿಕ್ ಎಎಂಪಿ ಎಂಬ ಅಣು ಒಂದಿಷ್ಟು ಹೊತ್ತು ಏರುತ್ತದೆ. ಆಮೇಲೆ ಅಂಥದೇ ಕೆಲಸದ ನೈಟ್ರಿಕ್ ಆಕ್ಸೈಡ್ ಮತ್ತು ಸೈಕ್ಲಿಕ್ ಜಿಎಂಪಿ ಆ ತಡೆಯನ್ನು ಹೆಚ್ಚು ಹೊತ್ತು ಹಿಡಿದಿಡುತ್ತವೆ. ಕೊನೆಗೆ ಕೋಶ ಹೊಸ ಪ್ರೋಟೀನು ಕಟ್ಟುವುದನ್ನೇ ತಗ್ಗಿಸುತ್ತದೆ. ಜಪಾನಿನಲ್ಲಿ ಕುರುಮಾ ಸಿಗಡಿಯ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಕೆಲಸವೊಂದು ಕಿಣ್ವವನ್ನೇ ಬೆರಳು ಮಾಡಿ ತೋರಿಸಿತು: ವೈ-ಅಂಗಕ್ಕೆ ಪೊರೆ ತಡೆಯುವ ಹಾರ್ಮೋನು ಸೋಕಿಸಿದಾಗ ಫ್ಯಾಂಟಮ್ ಜೀನಿನ ಅಭಿವ್ಯಕ್ತಿ ಕುಗ್ಗಿತು. ಎಂದರೆ ತಡೆ ಎಂದಾಗ ಈಗಾಗಲೇ ಇರುವ ಕಿಣ್ವವನ್ನು ಹಿಡಿದು ಕಟ್ಟಿಹಾಕುವುದಷ್ಟೇ ಅಲ್ಲ, ಹೊಸ ಕಿಣ್ವ ಹುಟ್ಟದಂತೆ ನೋಡಿಕೊಳ್ಳುವುದೂ ಹೌದು. ಕಣ್ಣು ಕತ್ತರಿಸಿದ ಮರುಕ್ಷಣ ಏನೂ ಆಗದೆ, ಪರಿಣಾಮ ಕಾಣಲು ದಿನಗಳು ಹಿಡಿಯುವುದಕ್ಕೆ ಇದೂ ಒಂದು ಕಾರಣ. ರಕ್ತದಲ್ಲಿದ್ದ ಹಳೆಯ ಹಾರ್ಮೋನು ಕರಗಬೇಕು, ಜೀನು ಮತ್ತೆ ಓದಿಸಿಕೊಳ್ಳಬೇಕು, ಕಿಣ್ವ ಕಟ್ಟಿಕೊಳ್ಳಬೇಕು, ಅದು ಸಾಕಷ್ಟು ಹಾರ್ಮೋನು ಮಾಡಬೇಕು.

ಹ್ಯಾಚರಿಗೆ ಈ ಗ್ರಂಥಿ ಏಳುವುದು ಬೇಕಿರಲಿಲ್ಲ. ಪೊರೆ ಬಿಡುವ ಸಿಗಡಿ ತಿನ್ನುವುದನ್ನು ನಿಲ್ಲಿಸುತ್ತದೆ. ತಲೆಯ ಚಿಪ್ಪು ಮತ್ತು ಹೊಟ್ಟೆಯ ಚಿಪ್ಪು ಸೇರುವ ಕಡೆ ಬಿರುಕು ಬಿಟ್ಟು, ಬೆನ್ನು ಬಗ್ಗಿಸಿ ಹೊರಗೆ ಜಾರುತ್ತದೆ. ಮೀಸೆ, ಕಾಲು, ಕಿವಿರಿನ ತೆಳು ಹೊದಿಕೆಯವರೆಗೆ ಎಲ್ಲ ಹಳೆಯ ಚಿಪ್ಪಿನ ಜೊತೆ ಹೋಗುತ್ತವೆ. ಮೆತ್ತಗೆ ಬಿದ್ದಿರುವ ಅದನ್ನು ಅಕ್ಕಪಕ್ಕದ ಸಿಗಡಿಗಳೇ ತಿಂದುಹಾಕುವುದುಂಟು. ಹುಲಿ ಸಿಗಡಿಯಲ್ಲಿ ನಷ್ಟ ಇನ್ನೂ ಹೆಚ್ಚು. ಅದರ ಹೆಣ್ಣು ಪೊರೆ ಬಿಟ್ಟು ಮೆತ್ತಗಿರುವಾಗಲೇ ಕೂಡಿ, ಗಂಡಿನ ವೀರ್ಯದ ಗಂಟನ್ನು ಎದೆಯಡಿಯ ಮುಚ್ಚಿದ ಚೀಲದಲ್ಲಿ ಕಾಪಿಡುತ್ತದೆ. ಕಣ್ಣು ತೆಗೆದ ಮೇಲೆ ಮೊಟ್ಟೆಗಿಂತ ಮೊದಲು ಪೊರೆ ಬಂದರೆ ಆ ಚೀಲವೂ ಚಿಪ್ಪಿನ ಜೊತೆ ಕಳಚಿಹೋಗುತ್ತದೆ. ಮುಂದೆ ಇಡುವ ಮೊಟ್ಟೆಗಳು ಫಲಿಸುವುದಿಲ್ಲ. ವನಾಮಿಯ ಚೀಲ ತೆರೆದದ್ದು. ಅದು ಚಿಪ್ಪು ಗಟ್ಟಿಯಿರುವಾಗಲೇ, ಮೊಟ್ಟೆ ಬಲಿತ ದಿನವೇ ಕೂಡುವುದರಿಂದ ಅಷ್ಟು ದುಬಾರಿಯಾಗುವುದಿಲ್ಲ. ಕೆಲಸಗಾರರು ಮೊದಲಿಗೆ ಚಿಪ್ಪನ್ನು ಒತ್ತಿ ನೋಡಿದ್ದು ಸುಮ್ಮನೆ ಅಲ್ಲ. ಪೊರೆ ಬಿಡಲು ಹೊರಟ ಹೆಣ್ಣಿನ ಕಣ್ಣು ಕತ್ತರಿಸಿದರೆ ಅದು ಪೊರೆಯ ಕಡೆಗೇ ಹೋಗುತ್ತದೆ. ಈಗಷ್ಟೇ ಪೊರೆ ಬಿಟ್ಟದ್ದನ್ನು ಕತ್ತರಿಸಿದರೆ ಅದು ಉಳಿಯುವುದೇ ಕಷ್ಟ. ಎರಡು ಪೊರೆಗಳ ನಡುವಿನ ಗಟ್ಟಿ ಹಂತವೇ ಸರಿಯಾದ ಹೊತ್ತು.

ದವಡೆಯ ಬುಡದ ಗ್ರಂಥಿ, ಮತ್ತು ತಪ್ಪಾಗಿ ಹಿಡಿದ ಕಿಣ್ವ

ಎರಡನೆಯ ಗ್ರಂಥಿಯ ಕತೆ ಹೆಚ್ಚು ಸ್ವಾರಸ್ಯದ್ದು. ದವಡೆಯ ಸ್ನಾಯುಗಳ ಬುಡದಲ್ಲಿರುವ ಮ್ಯಾಂಡಿಬ್ಯುಲರ್ ಅಂಗವನ್ನು 1968ರಲ್ಲಿ ಲೆ ರೂ ಎಂಬ ವಿಜ್ಞಾನಿ ವಿವರಿಸಿದಾಗ ಅದು ಏನು ಮಾಡುತ್ತದೆ ಎಂಬುದು ತಿಳಿದಿರಲಿಲ್ಲ. 1987ರಲ್ಲಿ ಕನೆಕ್ಟಿಕಟ್ ವಿಶ್ವವಿದ್ಯಾಲಯದ ಹಾನ್ಸ್ ಲೌಫರ್ ಮತ್ತು ಸಂಗಡಿಗರು ಜೇಡ ಏಡಿಯೊಂದರಲ್ಲಿ ಈ ಗ್ರಂಥಿ ಮೀಥೈಲ್ ಫಾರ್ನೆಸೋಯೇಟ್ ಎಂಬ ವಸ್ತುವನ್ನು ಸ್ರವಿಸುತ್ತದೆ ಎಂದು ಪ್ರಕಟಿಸಿದರು. ಕೀಟಶಾಸ್ತ್ರದವರಿಗೆ ಅದು ಹಳೆಯ ಪರಿಚಯ. ಕೀಟಗಳ ಮರಿತನ ಕಾಯುವ ಜುವೆನೈಲ್ ಹಾರ್ಮೋನಿಗೂ ಇದಕ್ಕೂ ಇರುವ ವ್ಯತ್ಯಾಸ ಒಂದು ಎಪಾಕ್ಸೈಡ್ ಉಂಗುರ, ಎಂದರೆ ಎರಡು ಇಂಗಾಲಗಳಿಗೆ ಬೆಸೆದ ಒಂದು ಆಮ್ಲಜನಕ, ಮಾತ್ರ. ಆ ಉಂಗುರ ತೊಡಿಸುವ ಪಿ450 ಕಿಣ್ವ ಕೀಟಗಳಲ್ಲಿದೆ, ಸಿಗಡಿ ಏಡಿಗಳಲ್ಲಿಲ್ಲ. ಕೀಟಗಳೂ ಸಿಗಡಿ ಏಡಿಗಳ ಬಳಗದ ಕವಚಜೀವಿಗಳೂ ಒಂದೇ ಬೇರಿನಿಂದ ಬಂದವು ಎಂಬುದಕ್ಕೆ ಇದಕ್ಕಿಂತ ಅಚ್ಚುಕಟ್ಟಾದ ರಸಾಯನಿಕ ಸಾಕ್ಷಿ ನನಗೆ ಗೊತ್ತಿಲ್ಲ. ಈ ನೆಂಟಸ್ತಿಕೆಗೆ ಇನ್ನೊಂದು ಮುಖವೂ ಇದೆ. ಜುವೆನೈಲ್ ಹಾರ್ಮೋನನ್ನು ಅನುಕರಿಸುವ ಪೈರಿಪ್ರಾಕ್ಸಿಫೆನ್‌ನಂಥ ಕೀಟನಾಶಕಗಳು ನೀರಿಗೆ ಸೇರಿದರೆ, ಸಿಗಡಿಯ ದೂರದ ಬಂಧುವಾದ ಡಾಫ್ನಿಯಾ ಎಂಬ ನೀರುಚಿಗಟ ಹೆಣ್ಣು ಮರಿ ಬಿಟ್ಟು ಗಂಡು ಮರಿ ಹಾಕತೊಡಗುತ್ತದೆ.

ಮೀಥೈಲ್ ಫಾರ್ನೆಸೋಯೇಟ್ ತಯಾರಾಗುವ ದಾರಿಯ ಮೊದಲರ್ಧ ನಮ್ಮಲ್ಲೂ ಇರುವಂಥದ್ದೇ. ಅಸಿಟೇಟಿನಿಂದ ಹೊರಟು ಎಚ್‌ಎಂಜಿ-ಕೋಎ ರಿಡಕ್ಟೇಸ್ ಎಂಬ ಕಿಣ್ವದ ಬಾಗಿಲು ದಾಟಬೇಕು. ಕೊಲೆಸ್ಟರಾಲ್ ಇಳಿಸಲು ನಮ್ಮ ಮನೆಗಳಲ್ಲಿ ನುಂಗುವ ಸ್ಟಾಟಿನ್ ಮಾತ್ರೆ ಮುಚ್ಚುವುದು ಈ ಬಾಗಿಲನ್ನೇ. ನಾವು ಈ ದಾರಿಯಲ್ಲಿ ಮುಂದೆ ನಡೆದು ಕೊಲೆಸ್ಟರಾಲ್ ಮುಟ್ಟುತ್ತೇವೆ; ಸಿಗಡಿ ಅಲ್ಲಿಗೆ ಹೋಗುವುದಿಲ್ಲ, ನಡುವೆ ಫಾರ್ನೆಸಿಲ್ ಪೈರೋಫಾಸ್ಫೇಟ್ ಬಳಿ ಬೇರೆ ದಾರಿ ಹಿಡಿದು ಫಾರ್ನೆಸಾಲ್, ಫಾರ್ನೆಸೋಯಿಕ್ ಆಮ್ಲದ ವರೆಗೆ ಬರುತ್ತದೆ. ಕೊನೆಯ ಹೆಜ್ಜೆಯಲ್ಲಿ ಒಂದು ಮೀಥೈಲ್ ಗುಂಪು ಸೇರಬೇಕು. ಅಮೆರಿಕದ ಲಾಬ್‌ಸ್ಟರ್‌ನ ಕಣ್ಣಿನ ದಂಟು ತೆಗೆದಾಗ ಈ ಗ್ರಂಥಿಯಲ್ಲಿ ರಿಡಕ್ಟೇಸ್‌ನ ಚಟುವಟಿಕೆ ಏರುವುದನ್ನು ಡೇವಿಡ್ ಬೋರ್ಸ್ಟ್ ಅವರ ತಂಡ 2003ರಲ್ಲಿ ತೋರಿಸಿತು. ಅದಕ್ಕೂ ಮೊದಲು, 1990ರ ದಶಕದಲ್ಲಿ, ಬ್ರಿಟನ್ನಿನ ಸಂಶೋಧಕರು ಜನ ತಿನ್ನುವ ಒಂದು ಜಾತಿಯ ಏಡಿಯಲ್ಲಿ ಈ ಗ್ರಂಥಿಯನ್ನು ತಡೆಯುವ 78 ಅಮೈನೊ ಆಮ್ಲಗಳ ಹಾರ್ಮೋನನ್ನು ಗುರುತಿಸಿ, ಅದು ಕೊನೆಯ ಮೀಥೈಲ್ ಹೆಜ್ಜೆಯನ್ನೇ ಕುಗ್ಗಿಸುತ್ತದೆ ಎಂದಿದ್ದರು. ಹಾಗಾದರೆ ಆ ಕೊನೆಯ ಹೆಜ್ಜೆಯ ಕಿಣ್ವ ಯಾವುದು? ಅದು ಸಿಕ್ಕರೆ ನಮ್ಮ ಪ್ರಕರಣದ ಒಂದು ಕೀಲಿ ಸಿಕ್ಕಂತೆ. ಕಣ್ಣು ಮುಟ್ಟದೆ ಕಿಣ್ವವನ್ನೇ ಹಿಗ್ಗಿಸಬಹುದು ಅಥವಾ ಕುಗ್ಗಿಸಬಹುದು.

2001ರಲ್ಲಿ ಹಾಂಗ್‌ಕಾಂಗಿನ ತಂಡವೊಂದು ಮರಳು ಸಿಗಡಿಯಲ್ಲಿ ಆ ಕಿಣ್ವದ ಜೀನು ಸಿಕ್ಕಿತೆಂದು ವರದಿ ಮಾಡಿತು. ಫಾರ್ನೆಸೋಯಿಕ್ ಆಮ್ಲಕ್ಕೆ ಮೀಥೈಲ್ ತೊಡಿಸುವ ಕಿಣ್ವ ಎಂಬ ಪೂರ್ಣ ಹೆಸರನ್ನು ಚುಟುಕಾಗಿಸಿ ಅದನ್ನು ಫಾಮೆಟ್ ಎಂದರು. ‘ಬಹುಶಃ’ ಎಂಬ ಎಚ್ಚರಿಕೆ ಆ ವರದಿಯಲ್ಲೇ ಇತ್ತು. ಆದರೆ ಹೆಸರು ಹರಡಿದಷ್ಟು ಬೇಗ ಎಚ್ಚರಿಕೆ ಹರಡಲಿಲ್ಲ. ಬೇರೆ ಬೇರೆ ಸಿಗಡಿ ಏಡಿಗಳಲ್ಲಿ ಸಾಲುಸಾಲಾಗಿ ಫಾಮೆಟ್‌ಗಳು ಸಿಕ್ಕವು.

ಕಿರಿಕಿರಿ ಶುರುವಾದದ್ದು ಎರಡು ಕಡೆಯಿಂದ. ಈ ಜೀನು ಮ್ಯಾಂಡಿಬ್ಯುಲರ್ ಅಂಗದಲ್ಲಷ್ಟೇ ಅಲ್ಲ, ಕಣ್ಣಿನ ದಂಟೂ ಸೇರಿ ಹಲವು ಅಂಗಗಳಲ್ಲಿ ಚುರುಕಾಗಿತ್ತು. ಒಂದೇ ಗ್ರಂಥಿಯ ಹಾರ್ಮೋನಿಗೆ ಅಷ್ಟು ಕಡೆ ಕಿಣ್ವವೇಕೆ? ಎರಡನೆಯದು ಇನ್ನೂ ನೇರವಾದದ್ದು. 2004ರಲ್ಲಿ ಲಾಬ್‌ಸ್ಟರ್‌ನ ಫಾಮೆಟ್ ಪ್ರೋಟೀನನ್ನು ಬ್ಯಾಕ್ಟೀರಿಯಾದಲ್ಲಿ ತಯಾರಿಸಿ ಪ್ರನಾಳದಲ್ಲಿ ಪರೀಕ್ಷಿಸಿದಾಗ ಅದೊಂದೇ ಮೀಥೈಲ್ ಸೇರಿಸುವ ಕೆಲಸವನ್ನು ಮಾಡಲಿಲ್ಲ. ಕಿಣ್ವ ಎಂದು ಕರೆಸಿಕೊಂಡದ್ದು ಕಿಣ್ವದ ಪರೀಕ್ಷೆಯಲ್ಲೇ ಪಾಸಾಗಲಿಲ್ಲ. ಅದಕ್ಕೆ ಹಿಂದಿನ ವರ್ಷವೇ ಜಪಾನಿನ ಶಿನೋಡಾ ಮತ್ತು ಇತೊಯಾಮಾ ರೇಷ್ಮೆಹುಳುವಿನಲ್ಲಿ ಪೂರ್ತಿ ಬೇರೆಯದೇ ಪ್ರೋಟೀನು ಈ ಹೆಜ್ಜೆ ನಡೆಸುವುದನ್ನು ತೋರಿಸಿದ್ದರು. ಅದಕ್ಕೆ ಜೆಎಚ್‌ಎಎಂಟಿ ಎಂದು ಹೆಸರು. ಅದು ಪ್ರನಾಳದಲ್ಲೂ ಕೆಲಸ ಮಾಡಿತು, ಹುಳುವಿನ ಹಾರ್ಮೋನು ತಯಾರಿಕೆ ಏರಿಳಿದಂತೆ ತಾನೂ ಏರಿಳಿಯಿತು. ಸಿಗಡಿಯ ಕಿಣ್ವದ ವಿಳಾಸ ರೇಷ್ಮೆಹುಳುವಿನಲ್ಲಿ ಸಿಕ್ಕಿತು ಎಂದರೆ ರಾಮನಗರದ ಗೂಡಿನ ಮಾರುಕಟ್ಟೆಯವರೂ ಹುಬ್ಬೇರಿಸಬಹುದು.

ಕವಚಜೀವಿಗಳಲ್ಲೂ ಜೆಎಚ್‌ಎಎಂಟಿ ಇದೆ ಎಂಬುದು ಆಮೇಲೆ ಗೊತ್ತಾಯಿತು. 2015ರಲ್ಲಿ ಪ್ರಕಟವಾದ ಡಾಫ್ನಿಯಾದ ಕೆಲಸ ಇವುಗಳಲ್ಲೆಲ್ಲ ಹೆಚ್ಚು ಮನವೊಪ್ಪಿಸುವಂಥದ್ದು. ಹಗಲಿನ ಉದ್ದ ನೋಡಿ ಗಂಡೋ ಹೆಣ್ಣೋ ಎಂದು ತೀರ್ಮಾನಿಸುವ ತಳಿಯೊಂದನ್ನು ಜಪಾನಿನವರು ಆರಿಸಿಕೊಂಡಿದ್ದರು. ಗಂಡು ಮರಿ ಹುಟ್ಟಿಸುವ ಹಗಲಿನ ಅಳತೆಯಲ್ಲಿ ತಾಯಿಯ ದೇಹದಲ್ಲಿ ಜೆಎಚ್‌ಎಎಂಟಿ ಜೀನು ಏರಿತು. ಮೀಥೈಲ್ ಫಾರ್ನೆಸೋಯೇಟ್ ತಯಾರಾಗುವುದು ಮತ್ತು ಮರಿಯ ಲಿಂಗ ತೀರ್ಮಾನವಾಗುವುದು ಒಂದೇ ಕಿಣ್ವದ ಬಳಿ ಬಂದು ಸೇರಿದವು.

ಹಾಗಾದರೆ ಫಾಮೆಟ್ ಬರೀ ಸುಳ್ಳು ಕುರುಹೇ? ಇಲ್ಲಿ ನನಗೆ ಅವಸರದ ತೀರ್ಪು ಸರಿಯೆನಿಸುವುದಿಲ್ಲ. 2008ರಲ್ಲಿ ಹಾಂಗ್‌ಕಾಂಗಿನವರು ವನಾಮಿಗೇ, ಎಂದರೆ ನಮ್ಮ ಪ್ರಕರಣದ ಜಾತಿಗೇ, ಫಾಮೆಟ್ ಜೀನನ್ನು ಮೌನಗೊಳಿಸುವ ಇಬ್ಬಳ್ಳಿ ಆರ್‌ಎನ್‌ಎ ಚುಚ್ಚಿದರು. ಆ ಸಿಗಡಿಗಳು ಪೊರೆಯ ಕೊನೆಯ ಹಂತಕ್ಕೆ ಹೋಗಲಾರದೆ ಸತ್ತವು. ಹೋಲಿಕೆಗೆ ಇಟ್ಟವು ಸರಾಗವಾಗಿ ಪೊರೆ ಬಿಟ್ಟವು. ಪ್ರನಾಳದಲ್ಲಿ ಕೆಲಸ ಮಾಡದ ಪ್ರೋಟೀನು ಜೀವಂತ ಸಿಗಡಿಯಲ್ಲಿ ಇಲ್ಲವಾದರೆ ಜೀವವೇ ಹೋಗುತ್ತದೆ. ಅದು ಮುಖ್ಯವಾದದ್ದು ಎಂಬುದು ಇದರಿಂದ ಸಿದ್ಧವಾಯಿತು. ಹಾರ್ಮೋನಿಗೆ ಮೀಥೈಲ್ ತೊಡಿಸುವುದು ಅದೇ ಎಂಬುದು ಸಿದ್ಧವಾಗಲಿಲ್ಲ. ಜೀನು ಮೌನವಾದಾಗ ಪ್ರಾಣಿ ಸತ್ತಿತು ಎಂಬ ಒಂದೇ ಆಧಾರದಿಂದ ಆ ಜೀನಿನ ನಿರ್ದಿಷ್ಟ ಕಸುಬನ್ನು ಹೇಳಲಾಗುವುದಿಲ್ಲ. ಸಿಗಡಿ ಸಂಶೋಧನೆಯ ಪ್ರಬಂಧಗಳಲ್ಲಿ ಈ ಜಿಗಿತ ಆಗಾಗ ಕಾಣುತ್ತದೆ, ಓದುವವರು ಹುಷಾರಾಗಿರಬೇಕು.

ಇನ್ನು ಈ ಹಾರ್ಮೋನು ಮೊಟ್ಟೆಗೆ ಹಿತವೇ ಎಂಬ ಪ್ರಶ್ನೆ. ಲೌಫರ್ ಅವರಿಗೆ ಹೌದೆನಿಸಿತ್ತು. ಜೇಡ ಏಡಿಯಲ್ಲಿ ಅಂಡಾಶಯ ಬೆಳೆಯುವಾಗ ಈ ಹಾರ್ಮೋನಿನ ಸ್ರಾವವೂ ಹೆಚ್ಚಿತ್ತು. ಆದರೆ 2008ರಲ್ಲಿ ಹುಲಿ ಸಿಗಡಿಯ ಮೇವಿನಲ್ಲಿ ಇದನ್ನು ಕೊಟ್ಟು ನೋಡಿದವರಿಗೆ ಅಂಡಾಶಯದ ಕೊನೆಯ ಬೆಳವಣಿಗೆ ತಡೆಯಾದದ್ದೂ ಮೊಟ್ಟೆ ಕಡಿಮೆಯಾದದ್ದೂ ಕಂಡಿತು. ಜಾತಿ ಬೇರೆ, ಹಂತ ಬೇರೆ, ಪ್ರಮಾಣ ಬೇರೆ ಎಂದು ಸಮಾಧಾನ ಹೇಳಬಹುದು. ಆದರೆ ಹ್ಯಾಚರಿಯವರಿಗೆ ಮೇವಿನ ಚೀಲದಲ್ಲಿ ಬೆರೆಸಿ ಕೊಡುವ ಪುಡಿಯಾಗಿ ಇದು ಬರದೆ ಹೋದದ್ದು ಆಶ್ಚರ್ಯವಲ್ಲ.

ಅಂಡಾಶಯ

ಹ್ಯಾಚರಿಗೆ ನಿಜವಾಗಿ ಬೇಕಾದದ್ದು ಇದೊಂದೇ. ಅಂಡಾಶಯವನ್ನು ತಡೆಯುವ ಹಾರ್ಮೋನು ಹೋದೊಡನೆ ಅಂಡಾಶಯದಲ್ಲೂ ಯಕೃತ್ತಿನ ಕೆಲಸ ಮಾಡುವ ಹೆಪಟೊಪ್ಯಾಂಕ್ರಿಯಾಸ್ ಗ್ರಂಥಿಯಲ್ಲೂ ವೈಟೆಲೊಜೆನಿನ್ ತಯಾರಾಗತೊಡಗುತ್ತದೆ. ಮೊಟ್ಟೆಯ ಹಳದಿ ಭಾಗಕ್ಕೆ ಮೂಲ ಸರಕು ಇದು. ಹೆಣ್ಣಿಗೆ ಸ್ಕ್ವಿಡ್, ಮಣ್ಣುಹುಳುವಿನಂಥ ಸಮುದ್ರದ ಪಾಲಿಕೀಟ್ ಹುಳುಗಳು, ಚಿಪ್ಪಿಕಲ್ಲಿನ ಮಾಂಸವನ್ನು ಧಾರಾಳವಾಗಿ ತಿನ್ನಿಸುವುದು ಈ ಸರಕಿಗಾಗಿ. ಆದರೆ ಅದೇ ಕತ್ತರಿಗೆ ಸಕ್ಕರೆಯ ಹಾರ್ಮೋನೂ ಅರ್ಧ ಹೋಗಿದೆ, ವೈ-ಅಂಗವೂ ಎದ್ದಿದೆ, ದವಡೆಯ ಗ್ರಂಥಿಯೂ ಎದ್ದಿದೆ. ಒಂದು ಗದ್ದೆಗೆ ನೀರು ಬೇಕೆಂದು ಕೆರೆಯ ತೂಬನ್ನೇ ಕಿತ್ತ ಹಾಗೆ. ಒಂದು ಕಣ್ಣು ಉಳಿಸುವುದು ಏಕೆಂದು ಈಗ ಸ್ಪಷ್ಟ. ಎರಡನ್ನೂ ತೆಗೆದರೆ ಯಾವ ತಡೆಯೂ ಉಳಿಯದೆ ಸಿಗಡಿ ಪೊರೆಯ ಮೇಲೆ ಪೊರೆ ಬಿಡಲು ಹೊರಟು ಸಾಯುತ್ತದೆ. ಉಳಿದ ಕಣ್ಣು ಅರೆತಡೆಯನ್ನಾದರೂ ಹಿಡಿದಿರುತ್ತದೆ.

ಇದರ ಬೆಲೆ ತೊಟ್ಟಿಯಲ್ಲೇ ಕಾಣುತ್ತದೆ. ಕಣ್ಣು ಕಳೆದ ಹೆಣ್ಣು ದಿನಗಳ ಅಂತರದಲ್ಲಿ ಮತ್ತೆ ಮತ್ತೆ ಬಲಿತು ಮೊಟ್ಟೆಯಿಡುತ್ತದೆ. ಚೆನ್ನಾಗಿ ನಡೆಯುವ ತೊಟ್ಟಿಯಲ್ಲಿ ಒಂದು ರಾತ್ರಿಗೆ ನೂರಕ್ಕೆ 5ರಿಂದ 15 ಹೆಣ್ಣುಗಳು ಮೊಟ್ಟೆಯಿಡುತ್ತವೆ ಎಂಬುದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಕೊಡುವ ಅಂದಾಜು. ದೇಹದ ಸರಕು ತುಂಬಿಕೊಳ್ಳಲು ಬಿಡುವಿಲ್ಲದ ಮೇಲೆ ಹೆಣ್ಣು ಬೇಗ ಬಸವಳಿಯುತ್ತದೆ.

ಕಣ್ಣು ಬಿಟ್ಟು ಬೇರೆ ದಾರಿ

ತೂಬು ಕೀಳದೆ ಒಂದೇ ಕಾಲುವೆ ತೆರೆಯಲು ಜನ ಪ್ರಯತ್ನಿಸದೆ ಇಲ್ಲ. ಕೋಸ್ಟರಿಕಾದಲ್ಲಿ ವನಾಮಿಗೆ ನರಗಳ ಸಂದೇಶ ಸಾಗಿಸುವ ಸೆರೊಟೋನಿನ್ ಎಂಬ ವಸ್ತುವನ್ನು ಚುಚ್ಚಿ ಮೊಟ್ಟೆ ಬಲಿಸಿದರು. 2000ದಲ್ಲಿ ಪ್ರಕಟವಾದ ಆ ಫಲಿತಾಂಶ ಕತ್ತರಿಯ ವೇಗವನ್ನು ಮುಟ್ಟಲಿಲ್ಲ. ಥಾಯ್ಲೆಂಡಿನ ಮಹಿದೊಲ್ ವಿಶ್ವವಿದ್ಯಾಲಯದವರು ಹೆಚ್ಚು ನಿಖರವಾಗಿ ಹೊಡೆದರು. ಹುಲಿ ಸಿಗಡಿಯ ಅಂಡಾಶಯ ತಡೆಯುವ ಹಾರ್ಮೋನಿನ ಜೀನನ್ನು ಮಾತ್ರ ಇಬ್ಬಳ್ಳಿ ಆರ್‌ಎನ್‌ಎಯಿಂದ ಮೌನಗೊಳಿಸಿದಾಗ, ಸಮುದ್ರದಿಂದ ಹಿಡಿದ ಹೆಣ್ಣುಗಳು ಎರಡೂ ಕಣ್ಣು ಇಟ್ಟುಕೊಂಡೇ ಬಲಿತು ಮೊಟ್ಟೆಯಿಟ್ಟವು. ತತ್ತ್ವದಲ್ಲಿ ಇದೇ ಸರಿಯಾದ ಉತ್ತರ. ವ್ಯವಹಾರದಲ್ಲಿ ಮಾತ್ರ ಒಂದೊಂದು ಸಿಗಡಿಗೂ ಸೂಜಿ ಚುಚ್ಚಬೇಕು, ಕೆಡದಂತೆ ಆರ್‌ಎನ್‌ಎ ಇಡಬೇಕು. ಇಕ್ಕಳಕ್ಕೆ ಬೇಕಾದದ್ದು ಬೆಂಕಿ ಮಾತ್ರ.

ಹಾಗಾಗಿ ಹ್ಯಾಚರಿಗೆ ಹತ್ತಿರವಾದ ದಾರಿ ಏನನ್ನೂ ಮಾಡದಿರುವುದೇ. ಸ್ಕಾಟ್ಲೆಂಡಿನ ಸ್ಟರ್ಲಿಂಗ್ ವಿಶ್ವವಿದ್ಯಾಲಯದ ಸಿಮಾವೊ ಜಕಾರಿಯಾಸ್ ಮತ್ತು ಸಂಗಡಿಗರು ಥಾಯ್ಲೆಂಡಿನ ವಾಣಿಜ್ಯ ಹ್ಯಾಚರಿಯಲ್ಲಿ ಕಣ್ಣು ಮುಟ್ಟದ ವನಾಮಿ ಹೆಣ್ಣುಗಳನ್ನು ಕತ್ತರಿಸಿದವುಗಳ ಜೊತೆ ಹೋಲಿಸಿ 2019ರಲ್ಲಿ ಬರೆದರು. ಮುಟ್ಟದವು ಕಡಿಮೆ ಸಲ ಮೊಟ್ಟೆಯಿಟ್ಟವು, ಅದು ನಿರೀಕ್ಷಿತವೇ. ಆದರೆ ಮುಂಚಿತವಾಗಿ ಹದಗೊಳಿಸುವ ಅವಧಿ, ಗಂಡು ಹೆಣ್ಣಿನ ಪ್ರಮಾಣ, ಮೇವು ಇವುಗಳನ್ನು ಸರಿಪಡಿಸಿಕೊಂಡರೆ ಈ ಕೊರತೆಯನ್ನು ತುಂಬಿಕೊಳ್ಳಬಹುದೆಂದು ಅವರ ವಾದ. 2021ರಲ್ಲಿ ಬಂದ ಮುಂದಿನ ಕೆಲಸ ಸಾಕುವವರ ಕಿವಿ ನಿಮಿರಿಸಬೇಕಾದದ್ದು. ಕತ್ತರಿಸದ ತಾಯಂದಿರ ಮರಿಗಳಿಗೆ ವಿಬ್ರಿಯೊ ಬ್ಯಾಕ್ಟೀರಿಯಾದ ಸೋಂಕನ್ನೂ ಬಿಳಿಚುಕ್ಕೆ ವೈರಸ್ಸನ್ನೂ ಬೇಕೆಂದೇ ತಗುಲಿಸಿದಾಗ ಅವು ಕತ್ತರಿಸಿದ ತಾಯಂದಿರ ಮರಿಗಳಿಗಿಂತ ಹೆಚ್ಚು ಸಂಖ್ಯೆಯಲ್ಲಿ ಉಳಿದವು.

ಬ್ರಿಟನ್ ಸಿಗಡಿ ಏಡಿಗಳನ್ನು ನೋವರಿಯುವ ಪ್ರಾಣಿಗಳೆಂದು 2022ರ ಕಾಯ್ದೆಯಲ್ಲಿ ಒಪ್ಪಿಕೊಂಡ ಮೇಲೆ ಈ ಚರ್ಚೆಗೆ ಪ್ರಾಣಿದಯೆಯ ಬಲವೂ ಬಂದಿದೆ. ನಮ್ಮ ಹೊಂಡಗಳಲ್ಲಿ ಆ ಮಾತು ಎಷ್ಟು ಕೇಳಿಸುತ್ತದೋ, ಬಿಳಿಚುಕ್ಕೆಯ ಮಾತು ಮಾತ್ರ ಖಂಡಿತ ಕೇಳಿಸುತ್ತದೆ. ಒಂದು ಬೆಳೆ ಪೂರ್ತಿ ಹೋದವರಿಗೆ ಆ ರೋಗದ ಪರಿಚಯ ಮಾಡಿಸಬೇಕಿಲ್ಲ. ಮರಿ ತರಿಸುವಾಗ ರೋಗ ಪರೀಕ್ಷೆಯ ವರದಿ ಕೇಳುವುದು ರೂಢಿಯಾಗಿದೆ. ತಾಯಿಯ ಕಣ್ಣು ಕತ್ತರಿಸಿದ್ದೋ ಅಲ್ಲವೋ, ಆ ತಾಯಿ ಎಷ್ಟನೆಯ ಸಲ ಇಟ್ಟ ಮೊಟ್ಟೆಯ ಮರಿಗಳಿವು ಎಂದು ಹ್ಯಾಚರಿಯವರನ್ನು ಕೇಳುವ ಕ್ರಮ ಇನ್ನೂ ಬಂದಿಲ್ಲ. ಕೇಳಿದರೆ ಮೊದಮೊದಲು ಉತ್ತರ ಸಿಗದಿರಬಹುದು. ಕತ್ತರಿಸದ ತಾಯಿಯ ಮರಿಗೆ ಬೆಲೆ ಸ್ವಲ್ಪ ಹೆಚ್ಚಾಗುತ್ತದೆ, ಏಕೆಂದರೆ ಅಷ್ಟೇ ಮರಿಗೆ ಹೆಚ್ಚು ಹೆಣ್ಣುಗಳನ್ನು ಸಾಕಬೇಕು. ಆ ಹೆಚ್ಚುವರಿ ಬೆಲೆಯನ್ನು ಬಿಳಿಚುಕ್ಕೆಗೆ ಹೋದ ಒಂದು ಬೆಳೆಯ ಪಕ್ಕದಲ್ಲಿಟ್ಟು ಲೆಕ್ಕ ಹಾಕಬೇಕಾದವರು ಹೊಂಡದ ದಂಡೆಯವರು. ಅವರು ಕೇಳುವವರೆಗೆ ಇಕ್ಕಳವನ್ನು ಕೆಳಗಿಡಲು ಹ್ಯಾಚರಿಯವರಿಗೆ ಕಾರಣವಿಲ್ಲ.